9 ವಾರದ ನಾಯಿಮರಿ: ಹೊರಗೆ ನಿಂತರೆ ಉಚ್ಚೆ ಮಾಡಲ್ಲ, ಒಳಗೆ ಬಂದ ಕೂಡಲೇ ಚಾಪೆ ಮೇಲೆ

ಚುಕ್ಕಿಯಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಒಂದು ಹೆಣ್ಣು ಮರಿ ಬಂದು ಇವತ್ತಿಗೆ 5 ದಿನ. ವಯಸ್ಸು 9 ವಾರ, ಬೆರಕೆ ತಳಿ, ಚುಕ್ಕಿ ಅಂತ ಹೆಸರಿಟ್ಟಿದ್ದೇವೆ. ನಾನು ಇದುವರೆಗೆ ನಾಯಿ ಸಾಕಿದವಳಲ್ಲ. ಚುಕ್ಕಿ ಅಂದ್ರೆ ಈಗಲೇ ಜೀವ, ಆದರೆ ಈ ಐದು ದಿನ ಸರಿಯಾಗಿ ನಿದ್ದೆ ಇಲ್ಲ. ಎರಡು ಸಲ ಅತ್ತೂಬಿಟ್ಟೆ.

ದೊಡ್ಡ ಕಷ್ಟ ಉಚ್ಚೆಯದು. ಹೊರಗೆ ಕರ್ಕೊಂಡು ಹೋಗಿ 20 ನಿಮಿಷ ನಿಲ್ತೀನಿ. ಎಲೆ ಮೂಸ್ತಾಳೆ, ಇರುವೆ ನೋಡ್ತಾಳೆ, ನನ್ನ ಚಪ್ಪಲಿ ಎಳೀತಾಳೆ. ಮಾಡಬೇಕಾದ್ದೊಂದು ಬಿಟ್ಟು ಎಲ್ಲಾ ಮಾಡ್ತಾಳೆ. ಒಳಗೆ ಬಂದು ಎರಡು ನಿಮಿಷ ಆಗಿರಲ್ಲ, ಚಾಪೆ ಮೇಲೆ ಕೂತೇಬಿಡ್ತಾಳೆ. ಬೇಕಂತಲೇ ಮಾಡ್ತಾಳೇನೋ ಅನ್ನಿಸುತ್ತೆ.

ಎರಡನೇದು ಕಚ್ಚೋದು. ಸಂಜೆ ಆಯ್ತು ಅಂದ್ರೆ ಕೈ, ಕಾಲು, ಪ್ಯಾಂಟಿನ ಅಂಚು, ಯಾವುದೂ ಬಿಡಲ್ಲ. ನನ್ನ ಮಗಳಿಗೆ 7 ವರ್ಷ. ಮರಿ ಬೇಕು ಅಂತ ವರ್ಷದಿಂದ ಕೇಳ್ತಿದ್ದವಳು ಈಗ ಸೋಫಾ ಮೇಲಿಂದ ಕೆಳಗೆ ಇಳಿಯಲ್ಲ. ರಾತ್ರಿ ಹಾಲ್‌ನಲ್ಲಿ ಮಲಗಿಸಿದರೆ ಒಂದೇ ಸಮ ಕುಂಯ್‌ಗುಡೋದು ಬೇರೆ.

ಮನೆಯವರು "ಮೂತಿಯನ್ನ ಅದಕ್ಕೇ ಉಜ್ಜಿ ಎರಡು ಬಿಡು, ವಾರದಲ್ಲಿ ಕಲಿಯುತ್ತೆ" ಅಂತಾರೆ. ನನಗೆ ಮನಸ್ಸು ಬರ್ತಿಲ್ಲ. ಆದರೆ ಬೇರೆ ದಾರಿಯೂ ಕಾಣ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಮೂರನೇ ನಾಯಿ

ಮೊದಲು ಆ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿಬಿಡಿ ಮೇಡಂ. ಕಾಲೊರಸು, ಕಾರ್ಪೆಟ್ಟು, ಎಲ್ಲಾ. ಮರಿಗಳು ಪಾದಕ್ಕೆ ಸಿಗುವ ನೆಲವನ್ನು ನೋಡಿ ಜಾಗ ಆರಿಸಿಕೊಳ್ಳುತ್ತವೆ. ಮೆತ್ತಗೆ ಇದ್ದು, ನೀರು ಹೀರಿಕೊಳ್ಳುವ ಜಾಗ ಇಷ್ಟ. ಅದರ ಲೆಕ್ಕದಲ್ಲಿ ಚಾಪೆಗೂ ಹುಲ್ಲಿಗೂ ವ್ಯತ್ಯಾಸ ಇಲ್ಲ. ಒಂದು ತಿಂಗಳು ಬರೀ ನೆಲ ಇರಲಿ.

ಇನ್ನು "ಬೇಕಂತಲೇ" ಅಂದಿರಲ್ಲ, ನನ್ನ ಮೊದಲ ನಾಯಿಗೆ ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಅರ್ಥ ಆಯ್ತು. ಹೊರಗೆ ಹೋದಾಗ ಮರಿಗೆ ಎಲ್ಲಾ ಹೊಸದು: ವಾಸನೆ, ಸದ್ದು, ಗಾಳಿ. ಅದರಲ್ಲಿ ಮುಳುಗಿ ಉಚ್ಚೆ ಬಂದಿರೋದೇ ಮರೆತುಹೋಗುತ್ತೆ. ಒಳಗೆ ಬಂದ ಮೇಲೆ ಮನಸ್ಸು ತಣ್ಣಗಾಗುತ್ತೆ, ಆಗ ನೆನಪಾಗುತ್ತೆ. ಚಿಕ್ಕ ಮಕ್ಕಳು ಆಟದ ಮಧ್ಯೆ ಚಡ್ಡಿ ಒದ್ದೆ ಮಾಡಿಕೊಳ್ಳೋದಿಲ್ಲವಾ, ಹಾಗೆ.

ನಾನು ಮಾಡಿದ್ದು ಇಷ್ಟು. ಬೆಲ್ಟು ಹಾಕಿ ಪ್ರತಿ ಸಲ ಅದೇ ಒಂದೇ ಜಾಗಕ್ಕೆ ಕರ್ಕೊಂಡು ಹೋಗಿ ಸುಮ್ಮನೆ ನಿಲ್ಲೋದು. ಮಾತಾಡಲ್ಲ, ಆಡಿಸಲ್ಲ, ಸುತ್ತಾಡಿಸಲ್ಲ. 5 ನಿಮಿಷ ಕಾಯೋದು. ಮಾಡಲಿಲ್ಲವಾ, ಒಳಗೆ ಬರೋದು, ಆದರೆ ನೆಲಕ್ಕೆ ಬಿಡೋ ಹಾಗಿಲ್ಲ. ತೊಡೆ ಮೇಲೆ ಕೂರಿಸಿಕೊಳ್ಳಿ, ಇಲ್ಲ ಬೆಲ್ಟು ನಿಮ್ಮ ಸೊಂಟಕ್ಕೇ ಕಟ್ಟಿಕೊಳ್ಳಿ. 10 ನಿಮಿಷ ಬಿಟ್ಟು ಮತ್ತೆ ಅದೇ ಜಾಗ. ಎರಡನೇ ಸಲ ಇಲ್ಲ ಮೂರನೇ ಸಲ ಮಾಡೇ ಮಾಡುತ್ತೆ. ಮಾಡಿ ಮುಗಿಸಿದ ಕೂಡಲೇ, ಅಲ್ಲೇ ನಿಂತು, ಬಾಯಿಗೆ ಒಂದು ಚೂರು ತಿಂಡಿ. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಉಪಯೋಗ ಇಲ್ಲ, ಬಾಗಿಲು ದಾಟಿದ್ದಕ್ಕೆ ಸಿಕ್ಕಿತು ಅಂತ ಅದು ತಿಳಿಯುತ್ತೆ.

ಇನ್ನೊಂದು. ಉಚ್ಚೆ ಹೊಯ್ದ ತಕ್ಷಣ ಒಳಗೆ ಎಳಕೊಂಡು ಬರಬೇಡಿ. ಹೊಯ್ದರೆ ಆಟ ಮುಗಿಯುತ್ತೆ ಅಂತ ಕಲಿತ ಮರಿ ಬೇಕಾದಷ್ಟು ಹೊತ್ತು ತಡೆದುಕೊಂಡು ನಿಲ್ಲುತ್ತೆ. ನಿಮ್ಮ 20 ನಿಮಿಷದ ಹಿಂದೆ ಇದೂ ಇರಬಹುದು. ಮೊದಲು ಕೆಲಸ, ಆಮೇಲೆ ಸುತ್ತಾಟ ಅಂತ ಆಗಬೇಕು.

ಸಮಯ: ನಿದ್ದೆಯಿಂದ ಎದ್ದ ಕೂಡಲೇ, ಊಟ ಆಗಿ 10-20 ನಿಮಿಷಕ್ಕೆ, ಆಟದ ಮಧ್ಯೆ, ಮಲಗೋ ಮುಂಚೆ. ಎಚ್ಚರವಾಗಿದ್ದಾಗ ಮುಕ್ಕಾಲು ಗಂಟೆಗೊಮ್ಮೆ. ತಿಂಗಳ ಲೆಕ್ಕದ ವಯಸ್ಸಿಗೆ ಒಂದು ಸೇರಿಸಿದರೆ ಎಷ್ಟೋ ಅಷ್ಟು ಗಂಟೆ ತಡೆಯುತ್ತೆ ಅಂತ ಒಂದು ಅಂದಾಜಿದೆ. ನಿಮ್ಮ ಚುಕ್ಕಿಗೆ 3 ಗಂಟೆ ಆಯ್ತು. ಅದು ಮಲಗಿದ್ದಾಗಿನ ಗರಿಷ್ಠ ಮಿತಿ, ಹಗಲಿನ ಲೆಕ್ಕ ಅಲ್ಲ.

ಒಳಗೆ ಆಗಿಹೋದರೆ ಬಟ್ಟೆಯಲ್ಲಿ ಹೀರಿಸಿ, ಎಂಜೈಮ್ (ವಾಸನೆಯನ್ನೇ ಒಡೆಯೋ ಅಂಶ) ಇರೋ ಕ್ಲೀನರ್ ಹಾಕಿ ಒರೆಸಿ. ಅಮೋನಿಯಾ ಇರೋದು ಬೇಡ, ಉಚ್ಚೆಯಲ್ಲೂ ಅದೇ ವಾಸನೆ, ಮತ್ತೆ ಅಲ್ಲಿಗೇ ಬರುತ್ತೆ.

ಹಳೇ ಕೈ

ನಾನು 30 ವರ್ಷದಿಂದ ನಾಯಿ ಸಾಕುತ್ತಿದ್ದೇನೆ. ಎಲ್ಲಕ್ಕೂ ಮೂತಿ ಉಜ್ಜಿಯೇ ಕಲಿಸಿದ್ದು. ಒಂದಾದರೂ ಮನೆಯೊಳಗೆ ಮಾಡುವ ನಾಯಿ ಆಗಲಿಲ್ಲ. ಹೊಡೆದು ಸಾಯಿಸಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಮರಿಗೆ ಮೊದಲ ವಾರವೇ ಗೊತ್ತಾಗಬೇಕು. ಇಲ್ಲದಿದ್ದರೆ ಅದು ನಿಮ್ಮ ತಲೆ ಮೇಲೆ ಕೂರುತ್ತದೆ. ತೋಳದ ಗುಂಪಿನಲ್ಲೂ ಅಷ್ಟೇ, ಒಂದೇ ನಾಯಕ. ತಂಗಿ, ನಿಮ್ಮ ಮನೆಯವರು ಹೇಳಿದ್ದರಲ್ಲಿ ತಪ್ಪೇನಿಲ್ಲ.

ನಿವೃತ್ತ ಪಶುವೈದ್ಯೆ

ಹಳೇ ಕೈ ಅವರೇ, ನಿಮ್ಮ ನಾಯಿಗಳು ಕಲಿತವು ಎಂಬುದನ್ನು ನಾನು ನಂಬುತ್ತೇನೆ. ಆದರೆ ಯಾವುದರಿಂದ ಕಲಿತವು ಎಂಬುದರಲ್ಲಿ ನನ್ನ ಅಭಿಪ್ರಾಯ ಬೇರೆ. ಮೂತ್ರಕೋಶದ ಹಿಡಿತ ವಯಸ್ಸಿನೊಂದಿಗೆ ಬರುತ್ತದೆ. ಐದಾರು ತಿಂಗಳಾಗುವ ಹೊತ್ತಿಗೆ ಹೊರಗೆ ಕರೆದೊಯ್ಯುವ ಮನೆಗಳಲ್ಲಿ ಹೆಚ್ಚಿನ ಮರಿಗಳು ಸರಿಹೋಗುತ್ತವೆ, ಮೂತಿ ಉಜ್ಜಿದರೂ ಉಜ್ಜದಿದ್ದರೂ. ಉಜ್ಜಿದ ಮನೆಗಳಲ್ಲಿ ಮಾತ್ರ ಇನ್ನೊಂದು ಪಾಠವೂ ಜೊತೆಗೆ ಬರುತ್ತದೆ: "ಈ ಮನುಷ್ಯರ ಕಣ್ಣೆದುರು ಮಾಡಬಾರದು." ಆಮೇಲೆ ಸೋಫಾದ ಹಿಂದೆ, ಮಂಚದ ಕೆಳಗೆ ಮಾಡುತ್ತದೆ. ಹೊರಗೆ ನೀವು ಪಕ್ಕದಲ್ಲಿ ನಿಂತಿರುವಷ್ಟು ಹೊತ್ತು ಮಾಡುವುದಿಲ್ಲ. ಚುಕ್ಕಿಯಮ್ಮನವರೇ, ನೀವು ಈಗ ಬಿಡಿಸಿಕೊಳ್ಳಬೇಕೆಂದಿರುವ ಕಷ್ಟವನ್ನೇ ಆ ಉಪಾಯ ಹೆಚ್ಚಿಸುತ್ತದೆ.

"ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ" ಎಂದು ಬಹಳ ಜನ ನನಗೆ ಹೇಳಿದ್ದಾರೆ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿ ಇದನ್ನೇ ಪರೀಕ್ಷಿಸಿದರು. ತಿನ್ನಬೇಡ ಎಂದು ಹೇಳಿದ ತಿಂಡಿಯನ್ನು ನಾಯಿ ತಿಂದಿರಲಿ, ತಿನ್ನದಿರಲಿ, ಆ ತಪ್ಪಿತಸ್ಥ ಮುಖ ಹೆಚ್ಚಾಗಿ ಬರುತ್ತಿದ್ದುದು ಯಜಮಾನ ಗದರಿದಾಗ. ಏನೂ ತಪ್ಪು ಮಾಡದೆ ಬೈಸಿಕೊಂಡ ನಾಯಿಗಳೂ ಅದೇ ಮುಖ ಮಾಡಿದವು. ಕಿವಿ ಹಿಂದಕ್ಕೆ, ತಲೆ ತಗ್ಗಿಸಿ, ಕಣ್ಣು ತಪ್ಪಿಸುವುದು ನಮ್ಮ ಕೋಪಕ್ಕೆ ಅದು ಕೊಡುವ ಉತ್ತರ. ಹತ್ತು ನಿಮಿಷದ ಹಿಂದಿನ ಉಚ್ಚೆಗೂ ಈಗ ಬಿದ್ದ ಏಟಿಗೂ ಅದು ಸಂಬಂಧ ಕಟ್ಟಲಾರದು.

ತೋಳದ ಮಾತಿಗೆ ಬಂದರೆ, ಆ ಕಲ್ಪನೆ ಹಬ್ಬಿದ್ದು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅವರು ನೋಡಿದ್ದು ಮೃಗಾಲಯದ ಆವರಣದೊಳಗೆ ಒಟ್ಟಿಗೆ ಇಟ್ಟಿದ್ದ ತೋಳಗಳನ್ನು. ಆ ಮಾತನ್ನು ಮುಂದೆ ಬಹಳ ಜನರಿಗೆ ತಲುಪಿಸಿದ ಡೇವಿಡ್ ಮೆಕ್ ಅವರೇ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿ 1999ರಲ್ಲಿ ತಿದ್ದಿ ಬರೆದರು: ಕಾಡಿನ ಗುಂಪು ಎಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ನಾಯಕತ್ವಕ್ಕೆ ಅಲ್ಲಿ ಕಾದಾಟವಿಲ್ಲ, ಹೆತ್ತವರ ಹಿಂದೆ ಮಕ್ಕಳು ಹೋಗುತ್ತವೆ.

ಈಗ ಮುಖ್ಯವಾದ ಎರಡು ಮಾತು. ಮರಿ ಪದೇ ಪದೇ ಕೂತು ಹನಿ ಹನಿಯಾಗಿ ಹೊಯ್ಯುತ್ತಿದ್ದರೆ, ಉಚ್ಚೆಯಲ್ಲಿ ರಕ್ತ ಕಂಡರೆ ಅದು ತರಬೇತಿಯ ವಿಷಯವಲ್ಲ, ಸೋಂಕು ಇರಬಹುದು, ತೋರಿಸಿ. ಎರಡನೆಯದು, ಆಟದಲ್ಲೇ ಆದರೂ ಮಗುವಿಗೆ ಹಲ್ಲು ತಾಗಿ ಚರ್ಮ ಹರಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಈ ವಯಸ್ಸಿನ ಮರಿಗೆ ರೇಬೀಸ್ ಲಸಿಕೆ ಆಗಿರುವುದಿಲ್ಲ, ಸಾಮಾನ್ಯವಾಗಿ 12 ವಾರ ತುಂಬಿದ ಮೇಲೆ ಹಾಕುತ್ತಾರೆ. "ಇನ್ನೂ ಮರಿ ತಾನೇ" ಎಂದು ಬಿಡಬೇಡಿ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುವುದು ಅಪರೂಪದಲ್ಲಿ ಅಪರೂಪ.

ಚುಕ್ಕಿಯಮ್ಮ

ಡಾಕ್ಟರಮ್ಮ, ತುಂಬಾ ಧನ್ಯವಾದ. ಮಗಳಿಗೆ ಗೀಚಿದ ಹಾಗೆ ಎರಡು ಗೆರೆ ಇತ್ತು, ಇವತ್ತೇ ತೋರಿಸಿಕೊಂಡು ಬಂದೆ. ಚಾಪೆ ಎತ್ತಿದ್ದಾಯ್ತು. ಕಚ್ಚೋದಕ್ಕೆ ಏನು ಮಾಡಲಿ? ಮೂಗಿನ ಮೇಲೆ ತಟ್ಟಿದರೆ ಇನ್ನೂ ರೇಗಿ ಮೇಲೆ ಬರ್ತಾಳೆ.

ಜೋಲು ಕಿವಿ

ತಟ್ಟಬೇಡಿ ಅಕ್ಕ. ಕೈ ಬೀಸಿದರೆ ಅದಕ್ಕೆ ಆಟ, ಇಲ್ಲವಾದರೆ ಭಯ. ಎರಡೂ ಬೇಡ.

"ಸಂಜೆ ಆಯ್ತು ಅಂದ್ರೆ" ಅಂತ ಬರೆದಿದ್ದೀರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಈ ವಯಸ್ಸಿನ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ಹೊಸ ಮನೆ, ಎಲ್ಲರೂ ಎತ್ತಿಕೊಳ್ಳೋರೇ, ಮಾತಾಡಿಸೋರೇ. ಹಗಲಿಡೀ ನಿದ್ದೆಗೆಟ್ಟು ಸಂಜೆ ಹೊತ್ತಿಗೆ ಹಟಕ್ಕೆ ಬಿದ್ದ ಕೂಸಿನ ಹಾಗೆ ಆಗಿರುತ್ತೆ. ನಮ್ಮ ಮರಿಯೂ ಸಂಜೆ ಆರರಿಂದ ಎಂಟರವರೆಗೆ ರಾಕ್ಷಸನಾಗುತ್ತಿತ್ತು. ಇನ್ನೂ ಆಡಿಸಿದರೆ ಸುಸ್ತಾಗಿ ಮಲಗುತ್ತೆ ಅಂತ ನಾವು ಓಡಿಸಿದಷ್ಟೂ ಕಚ್ಚುವುದು ಜಾಸ್ತಿಯಾಯ್ತು. ಕೊನೆಗೆ ಒಂದು ಗಂಟೆ ಎಚ್ಚರ, ಆಮೇಲೆ ಒಂದೂವರೆ ಎರಡು ಗಂಟೆ ಕತ್ತಲೆ ಮೂಲೆಯಲ್ಲಿ ನಿದ್ದೆ ಅಂತ ಗಡಿಯಾರ ಇಟ್ಟುಕೊಂಡೆವು. ನಾಲ್ಕೇ ದಿನದಲ್ಲಿ ಸಂಜೆ ಬದಲಾಯ್ತು. ಇಷ್ಟು ಸಣ್ಣ ವಿಷಯ ಯಾರೂ ಮೊದಲೇ ಹೇಳಲಿಲ್ಲವಲ್ಲ ಅಂತ ಈಗಲೂ ನನಗೆ ಬೇಜಾರಿದೆ.

ಉಳಿದರ್ಧ ಹಲ್ಲಿನದು. ಮರಿಗೆ 28 ಹಾಲುಹಲ್ಲು, ಸೂಜಿ ಥರ. ಮೂರುವರೆ ನಾಲ್ಕು ತಿಂಗಳಿಗೆ ಉದುರೋಕೆ ಶುರುವಾಗಿ ಆರೇಳು ತಿಂಗಳಿಗೆ 42 ಹಲ್ಲು ಬಂದು ಮುಗಿಯುತ್ತೆ. ಅಲ್ಲಿವರೆಗೆ ಬಾಯಿ ಸುಮ್ಮನಿರಲ್ಲ. ಅಗಿಯೋಕೆ ಒಪ್ಪಿತವಾದ್ದು ಸದಾ ಕೈಗೆ ಸಿಗೋ ಹಾಗಿರಲಿ. ಒಂದು ಹಳೇ ಬಟ್ಟೆ ಒದ್ದೆ ಮಾಡಿ ಹೆಣೆದು ಫ್ರೀಜರಲ್ಲಿಟ್ಟು ಕೊಡಿ, ಒಸಡಿಗೆ ಹಾಯ್ ಅನ್ನಿಸುತ್ತೆ. ನೀವು ಪಕ್ಕದಲ್ಲಿ ಇರಬೇಕು, ದಾರ ನುಂಗಬಾರದು.

ಕಚ್ಚಿದಾಗ: ಕೈ ಎಳಕೊಳ್ಳಬೇಡಿ, ಎಳೆದರೆ ಅಟ್ಟಿಸಿಕೊಂಡು ಬರುತ್ತೆ. ಕೈ ಸಡಿಲ ಬಿಟ್ಟು, ಏನೂ ಮಾತಾಡದೆ, ಎದ್ದು 20-30 ಸೆಕೆಂಡು, ಮರಿ ದಾಟದ ಹಾಗೆ ಬಾಗಿಲಿಗೆ ಅಡ್ಡ ಇಟ್ಟ ಗೇಟಿನ ಆಚೆ ಹೋಗಿ. ಬಂದು ಆಟಿಕೆ ಕೊಡಿ. ಪ್ರತಿ ಸಲವೂ, ಮನೆಯವರೆಲ್ಲರೂ. ಕೆಲವರು ಮರಿ ಥರ ಕಿರುಚಿ ಅಂತಾರೆ. ಕೆಲವು ಮರಿ ಅದಕ್ಕೆ ನಿಲ್ಲುತ್ತೆ, ಕೆಲವು ಇನ್ನೂ ಉತ್ಸಾಹಕ್ಕೆ ಬರುತ್ತೆ. ನಮ್ಮದು ಎರಡನೇ ಜಾತಿ.

ಮಗಳಿಗೆ "ಮರ ಆಗು" ಅಂತ ಹೇಳಿಕೊಡಿ. ಕೈ ಕಟ್ಟಿ, ಮೇಲೆ ನೋಡುತ್ತಾ ಅಲ್ಲಾಡದೆ ನಿಲ್ಲೋದು. ಓಡಿದರೆ, ಕಿರುಚಿದರೆ ಮರಿಗೆ ಬೇಟೆ ಸಿಕ್ಕ ಹಾಗೆ. ಒಂದು ಉದ್ದ ಹಗ್ಗದ ತುದಿಗೆ ಬಟ್ಟೆ ಕಟ್ಟಿ ಅವಳ ಕೈಗೆ ಕೊಡಿ, ಸೋಫಾ ಮೇಲೆ ಕೂತೇ ಎಳೆದಾಡಿಸಲಿ. ಕಚ್ಚೋ ಬಾಯಿ ಅವಳಿಂದ ಎರಡು ಮಾರು ದೂರ ಇದ್ದಾಗ ಧೈರ್ಯ ತಾನಾಗಿ ಬರುತ್ತೆ. ಇಬ್ಬರನ್ನೇ ಬಿಟ್ಟು ಮಾತ್ರ ನೀವು ಒಳಗೆ ಹೋಗಬೇಡಿ.

ಬೆಳಗಿನ ನಡಿಗೆ

ರಾತ್ರಿ ಹಾಲ್‌ನಲ್ಲಿ ಒಂಟಿಯಾಗಿ ಮಲಗಿಸೋದನ್ನ ನಿಲ್ಲಿಸಿ. ಒಂದು ವಾರದ ಹಿಂದಿನವರೆಗೆ ಅದು ಅಮ್ಮನ ಹೊಟ್ಟೆಗೆ ಅಂಟಿಕೊಂಡು ಮಲಗುತ್ತಿತ್ತು. ರಟ್ಟಿನ ಪೆಟ್ಟಿಗೆ ಇಲ್ಲ ಕ್ರೇಟು ನಿಮ್ಮ ಮಂಚದ ಪಕ್ಕದಲ್ಲೇ ಇಡಿ, ಕೈ ಇಳಿಬಿಟ್ಟರೆ ಅದಕ್ಕೆ ತಾಗಬೇಕು. ಅಭ್ಯಾಸ ಆದ ಮೇಲೆ ದಿನಕ್ಕೆ ಎರಡಡಿ ಬಾಗಿಲ ಕಡೆ ಸರಿಸುತ್ತಾ ಹೋಗಿ.

ಮಧ್ಯರಾತ್ರಿ ಎದ್ದು ಕುಂಯ್‌ಗುಟ್ಟಿದರೆ ಹೊಟ್ಟೆಯದೋ ಅಂತ ಒಂದು ಸಲ ಹೊರಗೆ ಕರ್ಕೊಂಡು ಹೋಗಿ. ದೀಪ ಬೇಡ, ಮುದ್ದು ಬೇಡ, ಮಾಡಿಸಿ ವಾಪಸ್ ಪೆಟ್ಟಿಗೆಗೆ. "ಅತ್ತು ಅತ್ತು ತಾನೇ ಸುಮ್ಮನಾಗುತ್ತೆ" ಅನ್ನೋ ಮಾತು ಕೇಳಬೇಡಿ. ಸುಮ್ಮನಾಗುತ್ತೆ ನಿಜ, ಯಾರೂ ಬರಲ್ಲ ಅಂತ ಗೊತ್ತಾಗಿ.

ಹೊಸ ಸದಸ್ಯ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮದು 10 ವಾರದ ಮರಿ, ದೊಡ್ಡ ತಳಿ. ಹಾಲು, ಬ್ರೆಡ್ಡು ಕೊಡ್ತಿದ್ದೇವೆ, ಬೇಧಿ ಆಗ್ತಿದೆ. ಮೂಳೆ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಸಿರಪ್ಪೂ ಕೊಡ್ತಿದ್ದೇವೆ. ದಿನಕ್ಕೆ ಎಷ್ಟು ಸಲ ಊಟ ಹಾಕಬೇಕು?

ನಿವೃತ್ತ ಪಶುವೈದ್ಯೆ

ಸಿರಪ್ ಇವತ್ತೇ ನಿಲ್ಲಿಸಿ. ಮರಿಗೆಂದೇ ತಯಾರಾದ ಸಮತೋಲನದ ಆಹಾರ ತಿನ್ನುವ ದೊಡ್ಡ ತಳಿಯ ಮರಿಗೆ ಮೇಲಿನಿಂದ ಕ್ಯಾಲ್ಸಿಯಂ ಸುರಿಯುವುದು ಮೂಳೆಗೆ ಒಳ್ಳೆಯದಲ್ಲ, ಕೆಟ್ಟದ್ದು. ಹೆಚ್ಚಾದ ಕ್ಯಾಲ್ಸಿಯಂ ಅನ್ನು ಎಳೆ ಮರಿಯ ಕರುಳು ಬೇಡವೆಂದು ತಡೆಯಲಾರದು. ಕೀಲು, ಮೂಳೆ ಸೊಟ್ಟಗಾದ ಮರಿಗಳನ್ನು ನಾನು ನೋಡಿದ್ದೇನೆ. ಅವುಗಳ ಮನೆಯವರೆಲ್ಲ ಪ್ರೀತಿಯಿಂದಲೇ ಕೊಟ್ಟವರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಬರೀ ಮನೆ ಅಡುಗೆಯಲ್ಲೇ ಬೆಳೆಸುವುದಾದರೆ ಕ್ಯಾಲ್ಸಿಯಂ ಬೇಕು, ಆದರೆ ಆ ಲೆಕ್ಕವನ್ನು ನಿಮ್ಮ ವೈದ್ಯರು ಹಾಕಿಕೊಡಬೇಕು, ಅಂದಾಜಿನಲ್ಲಿ ಅಲ್ಲ.

ಹಾಲೂ ನಿಲ್ಲಿಸಿ. ಹಸುವಿನ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅಂಶ ಎಷ್ಟೋ ಮರಿಗಳಿಗೆ ಜೀರ್ಣವಾಗದು, ಬೇಧಿಗೆ ಅದೇ ಸಾಕು. ಜಂತುಹುಳುವೂ ಇರಬಹುದು. ದುಂಡುಹುಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ದಾಟುತ್ತದೆ, ಅದಕ್ಕೇ 2 ವಾರದಿಂದ ಶುರುಮಾಡಿ 8 ವಾರದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ 6 ತಿಂಗಳವರೆಗೆ ತಿಂಗಳಿಗೊಮ್ಮೆ ಔಷಧಿ ಹಾಕುವ ಪದ್ಧತಿ. ಬೇಧಿಯಲ್ಲಿ ರಕ್ತವಿದ್ದರೆ, ವಾಂತಿಯಿದ್ದರೆ, ಮರಿ ಮುದುಡಿ ಮಲಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಈಗಲೇ ಹೊರಡಿ. ಪಾರ್ವೊ (ಮರಿಗಳ ಜೀವ ತೆಗೆಯುವ ಕರುಳಿನ ವೈರಸ್ ರೋಗ) ಇದ್ದರೆ ಗಂಟೆ ಗಂಟೆಗೂ ಬೆಲೆ ಇದೆ.

ಊಟ 4 ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, 6 ತಿಂಗಳವರೆಗೆ ಮೂರು, ಆಮೇಲೆ ಎರಡು. ತೀರಾ ಸಣ್ಣ ತಳಿಯ ಮರಿಯನ್ನು ಬಹಳ ಹೊತ್ತು ಹಸಿವಿನಲ್ಲಿಡಬಾರದು, ರಕ್ತದ ಸಕ್ಕರೆ ಇಳಿದು ನಡುಗುತ್ತದೆ, ಬೀಳುತ್ತದೆ. ಒಂದು ಆಹಾರದಿಂದ ಇನ್ನೊಂದಕ್ಕೆ ಹೋಗುವಾಗ ಒಂದು ವಾರ ಹಿಡಿದು ಸ್ವಲ್ಪ ಸ್ವಲ್ಪವೇ ಬೆರೆಸಿ.

ಎಷ್ಟು ಹಾಕಬೇಕು ಎಂಬುದಕ್ಕೆ ಚೀಲದ ಮೇಲಿನ ಪಟ್ಟಿ ಒಂದು ಆರಂಭ ಮಾತ್ರ. ನಿಮ್ಮ ಕೈಯೇ ಸರಿಯಾದ ಅಳತೆ. ಪಕ್ಕೆ ಮೇಲೆ ಬೆರಳಾಡಿಸಿದರೆ ಪಕ್ಕೆಲುಬು ಒತ್ತದೆಯೇ ಸಿಗಬೇಕು, ಆದರೆ ಕಣ್ಣಿಗೆ ಎದ್ದು ಕಾಣಬಾರದು. ಮೇಲಿನಿಂದ ನೋಡಿದರೆ ಸೊಂಟ ಇರಬೇಕು. ಗುಂಡುಗುಂಡಾದ ಮರಿ ನೋಡಲು ಚೆಂದ, ನಾನು ಒಪ್ಪುತ್ತೇನೆ. ಆದರೆ 48 ಲ್ಯಾಬ್ರಡಾರ್‌ಗಳನ್ನು ಮರಿಯಾಗಿದ್ದಾಗಿನಿಂದ ಜೀವನಪೂರ್ತಿ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೋಡಿ ಮಾಡಿದ್ದ ಇನ್ನೊಂದು ನಾಯಿಗಿಂತ ಶೇಕಡಾ 25ರಷ್ಟು ಕಡಿಮೆ ತಿಂದವುಗಳ ಮಧ್ಯಮ ಆಯಸ್ಸು (ಅರ್ಧದಷ್ಟು ನಾಯಿಗಳು ದಾಟಿದ ವಯಸ್ಸು) 13 ವರ್ಷ, ಹೆಚ್ಚು ತಿಂದವುಗಳದ್ದು 11.2. ಸಂಧಿನೋವೂ ತಡವಾಗಿ ಬಂತು. ಬಟ್ಟಲಿಗೆ ಇನ್ನೊಂದು ಹಿಡಿ ಹಾಕುವಾಗ ನನಗೆ ಈ ಎರಡು ಸಂಖ್ಯೆ ಕಣ್ಣ ಮುಂದೆ ಬರುತ್ತವೆ.

ಕೊಡಲೇಬಾರದವು: ಚಾಕೊಲೇಟ್, ದ್ರಾಕ್ಷಿ ಮತ್ತು ಒಣದ್ರಾಕ್ಷಿ (ಕಿಡ್ನಿ ಹಾಳಾಗುತ್ತದೆ), ಈರುಳ್ಳಿ, ಬೆಳ್ಳುಳ್ಳಿ (ಕೆಂಪು ರಕ್ತಕಣ ಒಡೆಯುತ್ತವೆ), ಮದ್ಯ, ಬೇಯಿಸಿದ ಮೂಳೆ. ಬೇಯಿಸಿದ ಮೂಳೆ ಸಿಬಿರಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಸಕ್ಕರೆರಹಿತ ಚ್ಯೂಯಿಂಗ್ ಗಮ್ಮಿನಂಥವುಗಳಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ಬಹಳ ಸಣ್ಣ ಪ್ರಮಾಣದಲ್ಲೂ ಅಪಾಯ. ಮತ್ತು ಮನುಷ್ಯರ ನೋವಿನ ಮಾತ್ರೆ, ಐಬುಪ್ರೊಫೆನ್ ಆಗಲಿ ಪ್ಯಾರಾಸಿಟಮಾಲ್ ಆಗಲಿ, ವೈದ್ಯರು ಹೇಳದೆ ಎಂದಿಗೂ ಬೇಡ.

ಹಳೇ ಕೈ

ಕೊನೆಯ ಸಾಲಿಗೆ ಒಂದು ಮಾತು ಸೇರಿಸಬೇಕು. ನನ್ನ ಎರಡನೇ ನಾಯಿ ಕುಂಟುತ್ತಿತ್ತು ಎಂದು ನಾನೇ ನುಂಗುವ ನೋವಿನ ಮಾತ್ರೆ ಕೊಟ್ಟೆ. ಮೂರು ದಿನ ಕೊಟ್ಟೆ. ನಾಲ್ಕನೇ ದಿನ ಕಪ್ಪಗೆ ವಾಂತಿ ಮಾಡಿತು. ಉಳಿಯಲಿಲ್ಲ. ಆಗ ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಓದುವವರು ಯಾರಾದರೂ ಮಾತ್ರೆ ಡಬ್ಬಿಗೆ ಕೈ ಹಾಕುತ್ತಿದ್ದರೆ ದಯವಿಟ್ಟು ನಿಲ್ಲಿಸಿ.

ಮೂತಿ ಉಜ್ಜುವ ವಿಷಯ ನಾನಿನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಸೋಫಾದ ಹಿಂದೆ ಹೋಗಿ ಮಾಡುವುದು ನಮ್ಮಲ್ಲೂ ಇತ್ತು. ಅದನ್ನು ನಾನು ಕಳ್ಳಬುದ್ಧಿ ಎಂದುಕೊಂಡಿದ್ದೆ.

ಮೂರನೇ ನಾಯಿ

ನಿಮ್ಮ ನಾಯಿಯ ವಿಷಯ ಓದಿ ಮನಸ್ಸು ಭಾರವಾಯ್ತು ಸರ್. ಬರೆದಿದ್ದಕ್ಕೆ ಧನ್ಯವಾದ.

ಬೆಳಗಿನ ನಡಿಗೆ

ಡಾಕ್ಟರಮ್ಮ, ಒಂದು ಪ್ರಶ್ನೆ. ಲಸಿಕೆ ಪೂರ್ತಿ ಆಗೋವರೆಗೆ ಮರಿಯನ್ನ ಮನೆ ಹೊಸಿಲು ದಾಟಿಸಬಾರದು ಅಂತ ಕೆಲವರು, ಹೊರಗಿನ ಪ್ರಪಂಚ ಈಗಲೇ ತೋರಿಸಬೇಕು ಅಂತ ಕೆಲವರು. ಯಾವುದು ಸರಿ?

ನಿವೃತ್ತ ಪಶುವೈದ್ಯೆ

ಎರಡೂ ಸರಿ, ಕಷ್ಟವಿರುವುದೇ ಅಲ್ಲಿ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಇರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಆ ರಕ್ಷಣೆ ಯಾವ ದಿನ ಮುಗಿಯುತ್ತದೆ ಎಂಬುದು ಒಂದೊಂದು ಮರಿಗೆ ಒಂದೊಂದು ಥರ. ಅದಕ್ಕೇ 6-8 ವಾರಕ್ಕೆ ಶುರುಮಾಡಿ 2ರಿಂದ 4 ವಾರಕ್ಕೊಮ್ಮೆ 16 ವಾರ ದಾಟುವವರೆಗೆ ಮತ್ತೆ ಮತ್ತೆ ಹಾಕುವುದು. "ಒಂದು ಹಾಕಿಸಿದ್ದೇವಲ್ಲ" ಎಂದು ನಿಲ್ಲಿಸಿದವರ ಮರಿಗಳೇ ಪಾರ್ವೊ ಬಂದು ನನ್ನ ಮೇಜಿನ ಮೇಲೆ ಮಲಗಿದ್ದು ಹೆಚ್ಚು.

ಆದರೆ ಲೋಕದ ಪರಿಚಯಕ್ಕೆ ಮರಿಯ ಮನಸ್ಸು ಹೆಚ್ಚು ತೆರೆದಿರುವುದು 3ರಿಂದ ಸುಮಾರು 14 ವಾರದವರೆಗೆ. 16 ವಾರ ಕಾದರೆ ಆ ಕಾಲ ಮುಗಿದುಹೋಗಿರುತ್ತದೆ. ಆಮೇಲೆ ಛತ್ರಿ ಕಂಡರೆ, ಟೋಪಿ ಹಾಕಿದವರನ್ನು ಕಂಡರೆ, ಲಾರಿ ಸದ್ದಿಗೆ ಹೆದರಿ ಬೊಗಳುವ ನಾಯಿಯನ್ನು ಸರಿಮಾಡಲು ವರ್ಷಗಳೇ ಬೇಕು.

ಆದ್ದರಿಂದ ತೋಳಿನಲ್ಲೋ ಚೀಲದಲ್ಲೋ ಎತ್ತಿಕೊಂಡು ಹೋಗಿ, ಬೀದಿಯ ನೆಲಕ್ಕೆ ಬಿಡಬೇಡಿ. ನಾಯಿಗಳು ಓಡಾಡುವ ಮಣ್ಣಿನಿಂದ ದೂರವಿರಿ, ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಲಸಿಕೆ ಆಗಿರುವ, ಗೊತ್ತಿರುವ ಮನೆಯ ನಾಯಿಯ ಜೊತೆ ಆಡಿಸಿ. ಮಕ್ಕಳು, ಮುದುಕರು, ಗಡ್ಡದವರು, ಕೋಲು ಹಿಡಿದವರು, ಗಾಲಿಕುರ್ಚಿ, ಕುಕ್ಕರ್ ಸೀಟಿ, ಮಿಕ್ಸಿ, ಎಲ್ಲವನ್ನೂ ದೂರದಿಂದ ತೋರಿಸಿ, ಜೊತೆಗೆ ಒಂದು ಚೂರು ತಿಂಡಿ. ಮರಿ ತಾನೇ ಮುಂದೆ ಹೋದರೆ ಹೋಗಲಿ. ಹಿಂದೆ ಸರಿದರೆ ನೀವೂ ಹಿಂದೆ ಬನ್ನಿ. ಎತ್ತಿ ಇನ್ನೊಬ್ಬರ ಕೈಗೆ ತುರುಕುವುದು ಪರಿಚಯವಲ್ಲ.

ಜೋಲು ಕಿವಿ

ಇದಕ್ಕೆ ಸೇರಿಸಿ ಮುಟ್ಟೋದರ ಅಭ್ಯಾಸ. ದಿನಕ್ಕೆ ಎರಡು ನಿಮಿಷ ಪಾದ, ಉಗುರು, ಕಿವಿ ಒಳಗೆ, ತುಟಿ ಎತ್ತಿ ಹಲ್ಲು. ಮುಟ್ಟು, ಚೂರು ಕೊಡು. ಮುಂದೆ ಉಣ್ಣಿ ತೆಗೆಯೋಕೆ, ಉಗುರು ಕತ್ತರಿಸೋಕೆ ನಾಲ್ಕು ಜನ ಹಿಡಿಯೋ ಗೋಳು ತಪ್ಪುತ್ತೆ.

ಮೂರನೇ ನಾಯಿ

ತಿಂತಿರೋ ಬಟ್ಟಲಿಗೆ ಕೈ ಹಾಕಿ ಎತ್ತಿಕೊಂಡು "ಇದು ನನ್ನದು" ಅಂತ ತೋರಿಸಬೇಕು ಅನ್ನೋರಿದ್ದಾರೆ. ಮಾಡಬೇಡಿ. ಕೈ ಬಂದರೆ ಊಟ ಹೋಗುತ್ತೆ ಅಂತ ಕಲಿತ ನಾಯಿ ಒಂದಲ್ಲ ಒಂದು ದಿನ ಗುರ್ ಅನ್ನುತ್ತೆ. ತಿನ್ನುವಾಗ ಹತ್ತಿರ ಹೋಗಿ ಇನ್ನೂ ರುಚಿಯಾದ್ದೊಂದು ಬಟ್ಟಲಿಗೆ ಹಾಕಿ ಬಂದುಬಿಡಿ. ಕೈ ಬಂತು ಅಂದ್ರೆ ಒಳ್ಳೇದಾಯ್ತು ಅಂತ ಇರಬೇಕು. ಬಾಯಲ್ಲಿ ಚಪ್ಪಲಿ ಇದ್ದರೂ ಹಾಗೇ, ಕಿತ್ತುಕೊಳ್ಳೋದು ಬೇಡ, ಬದಲು ಕೊಡಿ. ಅದರಲ್ಲೇ "ಬಿಡು" ಕಲಿಯುತ್ತೆ.

ಗುರ್ ಅಂದಿದ್ದಕ್ಕೆ ಹೊಡೆಯಲೂಬೇಡಿ. ಕಚ್ಚೋ ಮುಂಚೆ ಅದು ಕೊಡೋ ಎಚ್ಚರಿಕೆ ಅದು. ಹೊಡೆದು ಆ ದನಿ ಅಡಗಿಸಿದರೆ ಮುಂದೆ ಸದ್ದಿಲ್ಲದೆ ಹಲ್ಲೇ ಬರುತ್ತೆ.

"ಬಾ" ಅನ್ನೋ ಮಾತನ್ನ ಚಿನ್ನದ ಹಾಗೆ ಕಾಪಾಡಿ. ಕರೆದು ಬಂದಾಗಲೆಲ್ಲ ಏನಾದರೂ ಒಳ್ಳೇದು ಸಿಗಬೇಕು. ಸ್ನಾನ ಮಾಡಿಸೋಕೆ, ಔಷಧಿ ಕುಡಿಸೋಕೆ, ಬೈಯೋಕೆ "ಬಾ" ಅಂತ ಕರೆಯಬೇಡಿ, ನೀವೇ ಎದ್ದು ಹೋಗಿ ಕರ್ಕೊಂಡು ಬನ್ನಿ. ಎರಡು ಗಂಟೆ ಹುಡುಕಿಸಿ ಆಮೇಲೆ ಬಂದರೂ ಬೈಯೋ ಹಾಗಿಲ್ಲ. ಬೈದದ್ದು ಓಡಿಹೋದದ್ದಕ್ಕಲ್ಲ, ಬಂದದ್ದಕ್ಕೆ ಅಂತ ಅದು ಲೆಕ್ಕ ಹಾಕುತ್ತೆ.

ಎಂಟು ತಿಂಗಳು

ನಮ್ಮವನಿಗೆ 8 ತಿಂಗಳು. ಐದು ತಿಂಗಳಿದ್ದಾಗ "ಕೂತ್ಕೋ" ಅಂದರೆ ಕೂರ್ತಿದ್ದ. ಈಗ ನನ್ನ ಮುಖ ನೋಡಿ ಆಚೆ ತಿರುಗ್ತಾನೆ. ಪಕ್ಕದ ಮನೆಯವರು ಹೇಳಿದರೆ ಕೂರ್ತಾನೆ! ನನ್ನಿಂದ ಏನು ತಪ್ಪಾಯ್ತು?

ನಿವೃತ್ತ ಪಶುವೈದ್ಯೆ

ನಿಮ್ಮಿಂದ ತಪ್ಪಾಗಿಲ್ಲ, ಹರೆಯ ಬಂದಿದೆ. 2020ರಲ್ಲಿ ಲೂಸಿ ಆಶರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ ಇತ್ತು. "ಕೂತ್ಕೋ" ಎಂಬ ಮಾತಿಗೆ 5 ತಿಂಗಳಿಗಿಂತ 8 ತಿಂಗಳಲ್ಲಿ ನಾಯಿಗಳು ತಮ್ಮ ಮನೆಯವರಿಗೆ ಕಡಿಮೆ ವಿಧೇಯವಾಗಿದ್ದವು, ಅಪರಿಚಿತರು ಹೇಳಿದರೆ ಹಾಗಿರಲಿಲ್ಲ. ಇದು ಕಳೆಯುತ್ತದೆ. ತಿಂಡಿ ಚೂರು ಮತ್ತೆ ಕೈಗೆ ತೆಗೆದುಕೊಳ್ಳಿ, ಮೊದಲ ಪಾಠದಿಂದ ಶುರುಮಾಡಿ. ಮನೆಯಿಂದ ಹೊರಹಾಕಲ್ಪಡುವ ಎಷ್ಟೋ ನಾಯಿಗಳು ಈ ವಯಸ್ಸಿನವು. ನೀವು ಕೇಳಲು ಬಂದಿರಿ, ಅದಕ್ಕೆ ನನಗೆ ಸಂತೋಷ.

ಚುಕ್ಕಿಯಮ್ಮ

ಎರಡು ವಾರ ಆಯ್ತು, ಹೇಗಿದೆ ಅಂತ ಹೇಳ್ತೀನಿ.

ರಾತ್ರಿ ಮಂಚದ ಪಕ್ಕ ಇಟ್ಟ ಮೊದಲ ದಿನವೇ ಅಳು ನಿಂತಿತು. ಈಗ ಒಂದೇ ಸಲ ಏಳ್ತೀವಿ, ಮೂರು ಗಂಟೆ ಹೊತ್ತಿಗೆ. ನಿದ್ದೆಯ ಗಡಿಯಾರ ಗೋಡೆಗೆ ಅಂಟಿಸಿದ್ದೇವೆ, ಮಗಳೇ ಅದರ ಉಸ್ತುವಾರಿ. ಯಾರಾದರೂ ಮಲಗಿದ ಚುಕ್ಕಿಯನ್ನ ಎತ್ತೋಕೆ ಹೋದರೆ "ಇನ್ನೂ ನಲವತ್ತು ನಿಮಿಷ ಇದೆ" ಅಂತ ತಡೀತಾಳೆ. ಹಗ್ಗದ ಆಟದಿಂದ ಅವಳು ಕೆಳಗೆ ಇಳಿದಿದ್ದು ಐದನೇ ದಿನ. ಮರ ಆಗೋದು ಚೆನ್ನಾಗಿ ಬರುತ್ತೆ ಈಗ. ಕಚ್ಚೋದು ಪೂರ್ತಿ ನಿಂತಿಲ್ಲ, ಆದರೆ ಹಲ್ಲು ತಾಗಿದ ಕೂಡಲೇ ತಾನೇ ಬಾಯಿ ಸಡಿಲ ಮಾಡ್ತಾಳೆ.

ಉಚ್ಚೆ ಹೊರಗೇ ಆಗ್ತಿದೆ. ದಿನಕ್ಕೆ ಒಂದು ತಪ್ಪು ಆಗುತ್ತೆ, ಅದೂ ನಾವು ಎಚ್ಚರ ತಪ್ಪಿದಾಗ. ನನ್ನ ಯಜಮಾನರು ಮೊದಲು ಒಪ್ಪಿರಲಿಲ್ಲ. ಮೊನ್ನೆ ಬೆಳಿಗ್ಗೆ ನೋಡ್ತೀನಿ, ಜೇಬಿನಲ್ಲಿ ತಿಂಡಿ ಚೂರು ಇಟ್ಟುಕೊಂಡು ಹೊರಗೆ ಅಲ್ಲಾಡದೆ ನಿಂತಿದ್ದಾರೆ. ಅವಳು ಮಾಡಿದ ಕೂಡಲೇ ಬಗ್ಗಿ ಕೊಟ್ಟರು.

ಇನ್ನೊಂದೇ ಪ್ರಶ್ನೆ. ಮುಂದಿನ ತಿಂಗಳಿಂದ ನಾನು ಅರ್ಧ ದಿನ ಕೆಲಸಕ್ಕೆ ಹೋಗಬೇಕು. ಈಗ ಬಚ್ಚಲಿಗೆ ಹೋದರೂ ಬಾಗಿಲ ಹತ್ತಿರ ಕೂತು ಅಳ್ತಾಳೆ.

ಬೆಳಗಿನ ನಡಿಗೆ

ಒಂದು ತಿಂಗಳು ಇದೆ ಅಲ್ವಾ, ಇವತ್ತೇ ಶುರುಮಾಡಿ. ಅಗಿಯೋಕೆ ಏನಾದರೂ ಕೊಟ್ಟು ಗೇಟಿನ ಆಚೆ ಹೋಗಿ ಐದು ಸೆಕೆಂಡಿಗೆ ವಾಪಸ್ ಬನ್ನಿ. ಅಳು ಶುರುವಾಗೋ ಮುಂಚೆ ಬರಬೇಕು, ಇದೇ ಮುಖ್ಯ. ಐದು ಸೆಕೆಂಡು ಸಲೀಸಾದರೆ ಹದಿನೈದು, ಆಮೇಲೆ ಒಂದು ನಿಮಿಷ. ಅತ್ತರೆ ನೀವು ಬೇಗ ಮುಂದೆ ಹೋದಿರಿ ಅಂತ ಅರ್ಥ, ಅರ್ಧಕ್ಕೆ ಇಳಿಸಿ. ಹೋಗುವಾಗ ಮುದ್ದಾಡಿ ಬೀಳ್ಕೊಡೋದು, ಬಂದಾಗ ಸಂಭ್ರಮ ಮಾಡೋದು ಬೇಡ. ಚಪ್ಪಲಿ ಹಾಕೋದು, ಬೀಗದ ಕೈ ತೆಗೆಯೋದು ಇವನ್ನ ಎಲ್ಲೂ ಹೋಗದೇ ಇದ್ದಾಗಲೂ ಮಾಡ್ತಾ ಇರಿ.

ಅರ್ಧ ದಿನ ಅಂದರೆ ನಾಲ್ಕು ಗಂಟೆ ಇರಬಹುದು. ನಾಲ್ಕು ತಿಂಗಳು ತುಂಬದ ಮರಿಗೆ ಅದು ಉದ್ದ ಆಯ್ತು. ಮಧ್ಯೆ ಒಂದು ಸಲ ಯಾರಾದರೂ ಬಂದು ಹೊರಗೆ ಕರ್ಕೊಂಡು ಹೋಗೋ ಹಾಗೆ ಮಾಡಿಕೊಳ್ಳಿ.

ಹಳೇ ಕೈ

ತಂಗಿ, ಆ ಮಧ್ಯೆ ಬರುವವರು ಯಾರೇ ಆಗಲಿ, ನಿಮ್ಮ ಆ ಒಂದೇ ಜಾಗವನ್ನು ಅವರಿಗೆ ಮೊದಲೇ ತೋರಿಸಿಡಿ. ತಿಂಡಿ ಚೂರು ಎಲ್ಲಿದೆ ಎಂದೂ.